ಕೌಡೂರಿನ ನ್ಯಾಯಮೂರ್ತಿ, ಎಡನೀರಿನ ಮೊಕದ್ದಮೆ

ಚೆರ್ಕಳದಿಂದ ಬದಿಯಡ್ಕದತ್ತ ಸಾಗುವ ಹಾದಿಯಲ್ಲಿ ಎಡನೀರು ಮಠವನ್ನು ಕಾಣದ ಕನ್ನಡ ವಿದ್ಯಾರ್ಥಿಗಳು ಕಾಸರಗೋಡಿನಲ್ಲಿ ವಿರಳ. ಆ ಮಠದ ಯತಿಗಳಾಗಿದ್ದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನ ಮೊಕದ್ದಮೆಯನ್ನು ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಇಂದಿಗೂ ಬೋಧಿಸಲಾಗುತ್ತದೆ. ಅದನ್ನು ಆಲಿಸಿದ 13 ನ್ಯಾಯಮೂರ್ತಿಗಳ ಪೈಕಿ ಒಬ್ಬರು ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವರೇ ಎಂಬ ಸಂಗತಿ ಮಾತ್ರ ಬಹುಮಂದಿಗೆ ತಿಳಿಯದು.

ಅವರೇ ಕೌಡೂರು ಸದಾನಂದ ಹೆಗ್ಡೆ. 1909ರಲ್ಲಿ ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಜನಿಸಿದರು. ಆಗ ಕಾರ್ಕಳವೂ ಕಾಸರಗೋಡೂ ಮದರಾಸು ಪ್ರಾಂತದ ಒಂದೇ ಜಿಲ್ಲೆಯಲ್ಲಿದ್ದವು. ಮಂಗಳೂರು, ಮದರಾಸುಗಳಲ್ಲಿ ಓದಿ ವಕೀಲರಾದರು, ಸರಕಾರಿ ಅಭಿಯೋಜಕರಾಗಿಯೂ ಕೆಲಸ ಮಾಡಿದರು. 1952ರಲ್ಲಿ ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಯ ಸದಸ್ಯರಾದರು. 1957ರಲ್ಲಿ ಆ ಸ್ಥಾನವನ್ನು ಬಿಟ್ಟು ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾದರು. ಪಕ್ಷವೊಂದರ ಸಂಸದರು ನೇರವಾಗಿ ನ್ಯಾಯಪೀಠವನ್ನು ಏರುವುದು ಇಂದಾದರೆ ದೊಡ್ಡ ಚರ್ಚೆಗೆ ಎಡೆಯಾಗುತ್ತಿತ್ತು, ಆಗಬೇಕಾದುದೂ ಹೌದು. ಹೆಗ್ಡೆಯವರ ವಿಷಯದಲ್ಲಿ ಆ ಸಂಶಯಕ್ಕೆ ಉತ್ತರ ದೊರೆಯಲು 16 ವರ್ಷಗಳು ಹಿಡಿದವು.

1966ರಲ್ಲಿ ದೆಹಲಿ ಹೈಕೋರ್ಟ್ ಸ್ಥಾಪನೆಯಾದಾಗ ಅದರ ಪ್ರಥಮ ಮುಖ್ಯ ನ್ಯಾಯಾಧೀಶರಾದವರು ಅವರೇ. ಮರುವರ್ಷ ಸುಪ್ರೀಂ ಕೋರ್ಟಿಗೆ ಬಂದರು.

ಎಡನೀರಿನ ಅರ್ಜಿ ಅಲ್ಲಿಗೆ ತಲುಪಿದ್ದು 1970ರಲ್ಲಿ. ಕೇರಳದ ಭೂಸುಧಾರಣಾ ಶಾಸನದಿಂದ ಮಠದ ಭೂಮಿಗೆ ಒದಗಿದ ಆಪತ್ತೇ ಮೂಲ ತಕರಾರು. ವಿಚಾರಣೆ ಆರಂಭವಾಗುವ ವೇಳೆಗೆ ಪ್ರಶ್ನೆ ಬಹಳ ಹಿರಿದಾಗಿ ಬೆಳೆದಿತ್ತು: ಸಂವಿಧಾನವನ್ನು ತಿದ್ದುವ ಅಧಿಕಾರದಿಂದ ಸಂಸತ್ತು ಏನನ್ನಾದರೂ ಮಾಡಬಹುದೇ? ಅರ್ಜಿದಾರರ ಪರ ನಾನಿ ಪಾಲ್ಖಿವಾಲಾ, ಕೇರಳದ ಪರ ಎಚ್. ಎಂ. ಸೀರ್ವಾಯಿ ವಾದಿಸಿದರು. 68 ದಿನಗಳ ವಾದ ನಡೆದು, 1973ರ ಎಪ್ರಿಲ್ 24ರಂದು ತೀರ್ಪು ಹೊರಬಿತ್ತು. ಏಳು ಮಂದಿ ಒಂದೆಡೆ, ಆರು ಮಂದಿ ಇನ್ನೊಂದೆಡೆ. ತಿದ್ದುವ ಅಧಿಕಾರವುಂಟು, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರವಿಲ್ಲ ಎಂದವರು ಏಳು ಮಂದಿ. ಅವರಲ್ಲಿ ಹೆಗ್ಡೆಯವರೂ ಒಬ್ಬರು. ನ್ಯಾಯಮೂರ್ತಿ ಎ. ಕೆ. ಮುಖರ್ಜಿಯಾ ಅವರೊಡನೆ ಬರೆದ ಜಂಟಿ ತೀರ್ಪಿನಲ್ಲಿ ಅವರು ದೇಶದ ಸಾರ್ವಭೌಮತೆ, ಪ್ರಜಾಸತ್ತೆ, ಏಕತೆ, ವ್ಯಕ್ತಿಸ್ವಾತಂತ್ರ್ಯಗಳ ಜತೆಗೆ ಸಮಾನತೆಯ ಕಲ್ಯಾಣರಾಜ್ಯವನ್ನು ಕಟ್ಟುವ ಕರ್ತವ್ಯವನ್ನೂ ಮೂಲ ಲಕ್ಷಣವೆಂದು ಎಣಿಸಿದರು. ಆಸ್ತಿವಂತರ ಪರವಾದ ತೀರ್ಪೆಂದು ಹಳಿದವರು ಈ ಕೊನೆಯ ಮಾತನ್ನು ಓದಿದಂತೆ ತೋರದು. ಕೇರಳದ ಭೂಶಾಸನಗಳಿಗೆ ರಕ್ಷಣೆಯಿತ್ತ 29ನೆಯ ತಿದ್ದುಪಡಿಯೂ ಅನೂರ್ಜಿತವಾಗಲಿಲ್ಲ. ಮಠ ಕಾಪಾಡಹೊರಟದ್ದು ತನ್ನ ಭೂಮಿಯನ್ನು, ಉಳಿದದ್ದು ಸಂವಿಧಾನ.

ಮರುದಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾಗುವವರಿದ್ದರು. ಜ್ಯೇಷ್ಠತೆಯಂತೆ ಶೇಲತ್, ಹೆಗ್ಡೆ, ಗ್ರೋವರ್ ಸರದಿಯಲ್ಲಿದ್ದರು. ಮೂವರೂ ಸರಕಾರಕ್ಕೆ ಒಪ್ಪಿಗೆಯಾಗದ ತೀರ್ಪಿಗೆ ಸಹಿ ಹಾಕಿದವರು. ಆ ಮೂವರನ್ನೂ ಬದಿಗಿರಿಸಿ ನಾಲ್ಕನೆಯವರಾದ ಎ. ಎನ್. ರೇ ಅವರನ್ನು ನೇಮಿಸಲಾಯಿತು. ನ್ಯಾಯಾಧೀಶರ ಸಾಮಾಜಿಕ ದೃಷ್ಟಿಯನ್ನೂ ಸರಕಾರ ಗಮನಿಸಬೇಕಾಗುತ್ತದೆ ಎಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿಕೊಂಡರು. ಶೇಲತ್ ಅವರು ಆ ಜುಲೈಯಲ್ಲೇ ನಿವೃತ್ತರಾಗುವವರು. ರೂಢಿಯನ್ನು ಪಾಲಿಸಿದ್ದರೆ ಆ ಬಳಿಕ 1974ರ ಜೂನ್ ತನಕ ಭಾರತದ ಮುಖ್ಯ ನ್ಯಾಯಮೂರ್ತಿಯ ಪೀಠದಲ್ಲಿ ಕೌಡೂರಿನ ಹೆಗ್ಡೆಯವರು ಕುಳಿತಿರುತ್ತಿದ್ದರು. ಮೂವರೂ ರಾಜೀನಾಮೆಯಿತ್ತು ಹೊರನಡೆದರು. ಹೆಗ್ಡೆಯವರನ್ನು ಒಮ್ಮೆ ರಾಜ್ಯಸಭೆಗೆ ಕಳುಹಿಸಿದ್ದ ಪಕ್ಷದ್ದೇ ಸರಕಾರವದು.

1977ರಲ್ಲಿ ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣ ಕ್ಷೇತ್ರದಲ್ಲಿ ಗೆದ್ದರು. ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದಾಗ ತೆರವಾದ ಸ್ಪೀಕರ್ ಸ್ಥಾನಕ್ಕೆ ಆಯ್ಕೆಯಾಗಿ, 1980ರ ಜನವರಿ ತನಕ ಅಲ್ಲಿದ್ದರು. ಪೀಠದಿಂದ ಇಳಿದವರು ಚುನಾವಣೆಗೆ ನಿಲ್ಲಬಾರದಿತ್ತು ಎಂಬ ಆಕ್ಷೇಪಕ್ಕೂ ತೂಕವಿದೆ. ಆದರೆ ಅವರು ಅಧಿಕಾರದ ಆಸೆಗಾಗಿ ಪೀಠವನ್ನು ಬಿಟ್ಟವರಲ್ಲ, ಪೀಠ ಬಿಟ್ಟು ನಾಲ್ಕು ವರ್ಷಗಳಾದ ಮೇಲೆ ತುರ್ತುಪರಿಸ್ಥಿತಿಯನ್ನು ಕಂಡು ಬಂದವರು.

1979ರಲ್ಲಿ ಅವರು ಹುಟ್ಟೂರಿನ ತಾಲೂಕಿನಲ್ಲೇ ನಿಟ್ಟೆ ವಿದ್ಯಾಸಂಸ್ಥೆಯನ್ನು ಆರಂಭಿಸಿದರು. ಕಾಸರಗೋಡಿನ ಅನೇಕ ಮಕ್ಕಳು ಉನ್ನತ ವಿದ್ಯೆಗಾಗಿ ಇಂದು ಅಲ್ಲಿಗೆ ಹೋಗುತ್ತಾರೆ. 1990ರಲ್ಲಿ ಹೆಗ್ಡೆಯವರು ನಿಧನರಾದರು. ಒಂಬತ್ತು ವರ್ಷಗಳ ಬಳಿಕ ಅವರ ಪುತ್ರ ಎನ್. ಸಂತೋಷ್ ಹೆಗ್ಡೆ ಅದೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದರು.