ಮಂಗಳವಾರದ ಹುಲ್ಲುಗಾವಲು

ಮೆಹದಿಪಟ್ಟಣಂನ ರೈತು ಬಜಾರಿನಿಂದ ಟೋಲಿಚೌಕಿಯ ಮಾರ್ಗವಾಗಿ ಹೊರಟರೆ ಗೋಲ್ಕೊಂಡದ ನಯಾ ಕಿಲಾ ದೂರವೇನಲ್ಲ. ಕುತುಬ್‌ಶಾಹಿಗಳ ಕೋಟೆಗೋಡೆಯೊಳಗೆ ಈಗ ಗಾಲ್ಫ್ ಮೈದಾನ ಹಬ್ಬಿದೆ. ನಮ್ಮ ಸವಣೂರಿನ ದೊಡ್ಡಹುಣಸೆಗಳ ಬಂಧುವಾದ ಬೃಹತ್ ಮರವೊಂದು ಅಲ್ಲಿದೆ. ಅದನ್ನು ನೋಡಲೆಂದೇ ನಾವು ಹೋಗುವುದು. ಆಟವನ್ನು ಬೇಲಿಯಾಚೆಯ ಸಂಗತಿಯೆಂದೇ ಬಗೆದಿದ್ದೆವು. ಆ ಭಾವನೆ ಸ್ವಲ್ಪ ಸಡಿಲಗೊಂಡದ್ದು ಕಳೆದ ಬಾರಿ ಎಲ್‌ಟಿಸಿಯಲ್ಲಿ ಉದಕಮಂಡಲಕ್ಕೆ ಹೋದಾಗ, ಗಾಲ್ಫ್ ಆಡುವ ಸಹೋದ್ಯೋಗಿಯೊಬ್ಬರ ಬೆನ್ನುಹತ್ತಿ ಅಲ್ಲಿನ ಮೈದಾನವನ್ನು ಸುತ್ತಿದಾಗ.

ಊಟಿಯ ಎತ್ತರ ಸುಮಾರು 2,240 ಮೀಟರ್. ಬಾಬ್ ಬೀಮನ್ 1968ರ ಒಲಿಂಪಿಕ್ಸ್‌ನಲ್ಲಿ 8.90 ಮೀಟರ್ ಜಿಗಿದ ಮೆಕ್ಸಿಕೋ ನಗರದ ಎತ್ತರವೂ ಅಷ್ಟೇ. ಅಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಐದರಲ್ಲೊಂದು ಪಾಲು ತೆಳುವು. ಬಯಲಿನಲ್ಲಿ 200 ಗಜ ಹೋಗುವ ಚೆಂಡು ಬೆಟ್ಟದ ಮೇಲೆ 10-15 ಗಜ ಹೆಚ್ಚು ಹೋಗುತ್ತದೆ. ಮಿತ್ರರು ಇದನ್ನು ತಮ್ಮ ತೋಳ್ಬಲವೆಂದು ತಿಳಿದು ಹಿಗ್ಗಿದರು. ಮರುಗಳಿಗೆ ಮಂಜು ಕವಿಯಿತು. ಚೆಂಡು ಹಳದಿ ಹೂವಿನ ಗೋರ್ಸ್ ಮುಳ್ಳುಪೊದೆಯಲ್ಲಿ ಮರೆಯಾಯಿತು. ಆ ಗಿಡ ನೀಲಗಿರಿಯದಲ್ಲ. ತವರಿನ ಹಂಬಲದಿಂದ ಬ್ರಿಟಿಷರು ತಂದು ನೆಟ್ಟದ್ದು, ಈಗ ಸ್ಥಳೀಯ ಹುಲ್ಲನ್ನೇ ನುಂಗುತ್ತಿದೆ. ಪರಸ್ಥಳದಲ್ಲಿ ಬಾಳುವ ನಮಗೆ ಹಂಬಲವೇನೋ ಅರ್ಥವಾಗುತ್ತದೆ.

ಚೆಂಡನ್ನು ಹುಡುಕಿಕೊಟ್ಟವರು ಕೋಲುಗಳ ಚೀಲ ಹೊತ್ತಿದ್ದ ಕ್ಯಾಡಿ, ಬಡಗ ಸಮುದಾಯದವರು. ನಾವು ಕನ್ನಡದಲ್ಲಿ ಕೇಳಿದೆವು, ಅವರು ಬಡಗದಲ್ಲಿ ಉತ್ತರಿಸಿದರು. ಎರಡು ಮಾತಿಗೊಂದು ತಿಳಿಯಿತು. ಅವರ ಊರು ಹಟ್ಟಿ, ಅವರ ಹೆತ್ತೆಗೆ ನಡೆಯುವುದು ಹಬ್ಬ. ಬಡಗಣ ದಿಕ್ಕಿನಿಂದ, ಅಂದರೆ ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿದವರೆಂದೇ ಅವರಿಗೆ ಆ ಹೆಸರು. ಊಟಿಗೆ ಹೋಗಿ ಬರುವ ಕನ್ನಡಿಗರಲ್ಲಿ ಎಷ್ಟು ಮಂದಿ ಈ ನುಡಿಗೆ ಕಿವಿಗೊಟ್ಟಿದ್ದೇವೆ? ಉದಕಮಂಡಲವೆಂದು ನಾವು ಸಂಸ್ಕೃತಗೊಳಿಸಿದ ಹೆಸರಿನ ಬಾಲದಲ್ಲಿಯೂ ತೋಡರ ಹಾಡಿಯಾದ 'ಮಂದು' ಅಡಗಿದೆ.

ಮೈದಾನವಿರುವ ಹುಲ್ಲುಗಾವಲಿಗೆ ವೆನ್‌ಲಾಕ್ ಡೌನ್ಸ್ ಎಂದು ಹೆಸರು. 1891ರಲ್ಲಿ ಮದರಾಸಿನ ಗವರ್ನರಾಗಿ ಬಂದ ವೆನ್‌ಲಾಕ್ ಪ್ರಭುವಿನ ನೆನಪು. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ತಪ್ಪಿಗೆ ಇಷ್ಟು ಹೇಳಬೇಕು: 'ಡೌನ್' ಎಂದರೆ ಇಲ್ಲಿ ಕೆಳಗಲ್ಲ, ಬೋಳು ದಿಬ್ಬ. ಬೋಳು ಎಂದೊಡನೆ ಯಾರದೂ ಅಲ್ಲವೆಂಬ ಭ್ರಮೆ ಹುಟ್ಟುತ್ತದೆ. ಅದು ತೋಡರ ಎಮ್ಮೆಗಳು ಮೇಯುತ್ತಿದ್ದ ನಾಡು. ಗಾಲ್ಫ್ ಸಿರಿವಂತರ ಆಟವೆಂದು ಹಳಿಯುವುದು ಸುಲಭ. ನಮ್ಮ ತಕರಾರು ಅದಲ್ಲ. ನೀಲಗಿರಿ ಮರ, ವಾಟಲ್ ಮರಗಳ ತೋಪುಗಳು ಎಷ್ಟೋ ಹುಲ್ಲುಗಾವಲನ್ನು ಅಳಿಸಿದ ಮೇಲೆ ಹುಲ್ಲನ್ನು ಹುಲ್ಲಾಗಿಯೇ ಉಳಿಸಿದ ಆಟವನ್ನು ದೂರಲಾರೆವು. ನಮ್ಮ ತಕರಾರು ಬಾಗಿಲಿನದು.

ಗಾಲ್ಫಿನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಓಲ್ಡ್ ಕೋರ್ಸ್ ಎಂಬ ಪುರಾತನ ಮೈದಾನದಲ್ಲಿ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಅಂದು ಊರವರು ಮಕ್ಕಳು ನಾಯಿಗಳೊಡನೆ ಅದರ ಮೇಲೆ ಅಡ್ಡಾಡುತ್ತಾರೆ. ಆಟವನ್ನು ಎರವಲು ತಂದ ನಾವು ಈ ರೂಢಿಯನ್ನೂ ತರಬಾರದೇಕೆ? ಊಟಿಯಲ್ಲೂ ನಮ್ಮ ನಯಾ ಕಿಲಾದಲ್ಲೂ ವಾರಕ್ಕೊಂದು ದಿನ ಬಾಗಿಲು ತೆರೆಯಲಿ.

ಈ ಮಾತನ್ನು ಆ ಕ್ಯಾಡಿಯವರ ಮುಂದಿಟ್ಟೆವು. ಅವರು ನಕ್ಕರು. ಭಾನುವಾರವೇ ಆಟಗಾರರು ಹೆಚ್ಚು, ಅಂದಿನ ಕೂಲಿ ಯಾರು ಕೊಡುತ್ತಾರೆ ಎಂದರು. ನ್ಯಾಯವೇ. ಭಾನುವಾರ ಬೇಡ, ಮಂಗಳವಾರವಾಗಲಿ. ಅಂದಿನ ಕೂಲಿಯನ್ನು ಆಡುವವರ ಶುಲ್ಕದಲ್ಲಿ ಸೇರಿಸಲಿ.