ಹೆಸರು ಗೊತ್ತು, ರೋಗ ಗೊತ್ತಿಲ್ಲ: ವಲಸೆ ಕಾರ್ಮಿಕರ ಶೆಡ್‌ಗಳಿಗೆ ತಲುಪಬೇಕಾದ ಅರಿವು

ವರ್ತೂರು: ಏಡ್ಸ್ ಎಂಬ ಪದವನ್ನು ಕೇಳದವರು ಇಂದು ವಿರಳ. ಆದರೆ ಹೆಸರು ಕೇಳಿರುವುದಕ್ಕೂ ರೋಗವನ್ನು ಅರಿತಿರುವುದಕ್ಕೂ ನಡುವಿನ ಅಂತರ ದೊಡ್ಡದು. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಎಚ್‌ಐವಿ ಕುರಿತು ಸಮಗ್ರ ತಿಳಿವಳಿಕೆ ಇರುವವರು ದೇಶದ ಮಹಿಳೆಯರಲ್ಲಿ ಶೇ 22, ಪುರುಷರಲ್ಲಿ ಶೇ 31 ಮಾತ್ರ. ಕಾಂಡೋಮ್‌ನ ಉಪಯೋಗ ತಿಳಿದಿರುವುದು, ಆರೋಗ್ಯವಂತರಂತೆ ಕಾಣುವವರಲ್ಲೂ ಸೋಂಕು ಇರಬಹುದೆಂದು ಅರಿತಿರುವುದು, ತಪ್ಪು ನಂಬಿಕೆಗಳನ್ನು ತಿರಸ್ಕರಿಸುವುದು ಇದರ ಮಾನದಂಡ. ಮೂರು ದಶಕಗಳ ಪ್ರಚಾರ ಕಂಡ ಎಚ್‌ಐವಿಯ ಸ್ಥಿತಿಯೇ ಇದಾದರೆ, ಸಿಫಿಲಿಸ್, ಗನೋರಿಯಾ, ಕ್ಲಮಿಡಿಯಾಗಳ ಬಗೆಗಿನ ಅರಿವು ಎಷ್ಟಿದ್ದೀತು ಎಂಬುದನ್ನು ಊಹಿಸಬಹುದು.

ವರ್ತೂರು ಭಾಗದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ವೈಟ್‌ಫೀಲ್ಡ್‌ನ ಐಟಿ ಸಂಸ್ಥೆಗಳ ಬೆನ್ನಿಗೇ ಬೆಳೆದ ಬಳಗೆರೆ, ಪಣತ್ತೂರು, ತೂಬರಹಳ್ಳಿಯ ತಗಡಿನ ಶೆಡ್‌ಗಳಲ್ಲಿ ಉತ್ತರ ಕರ್ನಾಟಕದವರೂ ಹೊರರಾಜ್ಯದವರೂ ನೆಲೆಸಿದ್ದಾರೆ. ವಲಸೆ ರೋಗವಲ್ಲ. ಆದರೆ ಕುಟುಂಬದಿಂದ ದೂರವಿರುವುದು, ಭಾಷೆ ಬಾರದಿರುವುದು, ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ತಪ್ಪುವುದು, ಇವೆಲ್ಲ ಸೇರಿ ಚಿಕಿತ್ಸೆಯನ್ನು ದೂರ ಮಾಡುತ್ತವೆ.

ಮದ್ದಿದೆ, ಮಾತಿಲ್ಲ

2020ರಲ್ಲಿ ಜಗತ್ತಿನಾದ್ಯಂತ ಗುಣಪಡಿಸಬಹುದಾದ ನಾಲ್ಕು ಲೈಂಗಿಕ ಸೋಂಕುಗಳ 37.4 ಕೋಟಿ ಹೊಸ ಪ್ರಕರಣಗಳು ಉಂಟಾದವು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇವುಗಳಲ್ಲಿ ಬಹುಪಾಲು ಯಾವ ಲಕ್ಷಣವನ್ನೂ ತೋರುವುದಿಲ್ಲ. ಲಕ್ಷಣ ಕಂಡರೂ ಉರಿಮೂತ್ರವಾಗಲಿ ಬಿಳಿಸೆರಗಾಗಲಿ ‘ಉಷ್ಣ’ದ ಲೆಕ್ಕಕ್ಕೆ ಸೇರಿಬಿಡುತ್ತದೆ. ಔಷಧ ಅಂಗಡಿಯಲ್ಲಿ ಕೇಳಿ ಪಡೆದ ನಾಲ್ಕು ಮಾತ್ರೆಗಳಿಂದ ಉರಿ ಇಳಿಯಬಹುದು, ಸೋಂಕು ಉಳಿಯುತ್ತದೆ. ಇಂತಹ ಅರೆಬರೆ ಚಿಕಿತ್ಸೆಯಿಂದಲೂ ಗನೋರಿಯಾ ಹಲವು ಔಷಧಿಗಳಿಗೆ ಬಗ್ಗದಂತಾಗಿದೆ.

ಸರ್ಕಾರಿ ವ್ಯವಸ್ಥೆ ಇಲ್ಲದಿಲ್ಲ. ಸುರಕ್ಷಾ ಕ್ಲಿನಿಕ್‌ಗಳಲ್ಲಿ ಉಚಿತ ಚಿಕಿತ್ಸೆಯಿದ್ದು, ಲಕ್ಷಣಕ್ಕೆ ತಕ್ಕಂತೆ 7 ಬಣ್ಣಗಳ ಔಷಧ ಪೊಟ್ಟಣಗಳನ್ನು ರೂಪಿಸಲಾಗಿದೆ. ಆದರೆ ಸಂಗಾತಿಗೂ ಚಿಕಿತ್ಸೆ ದೊರೆತಾಗ ಮಾತ್ರ ಅದು ಪೂರ್ಣ. ತೊಡಕಿರುವುದು ಇಲ್ಲಿಯೇ. ಗಂಡ ವರ್ತೂರಿನಲ್ಲಿ, ಹೆಂಡತಿ ಯಾದಗಿರಿಯ ಹಳ್ಳಿಯಲ್ಲಿ ಇದ್ದರೆ ಆಕೆಗೆ ಸುದ್ದಿ ಮುಟ್ಟಿಸುವವರು ಯಾರು? ಗರ್ಭಿಣಿಯಲ್ಲಿ ಸಿಫಿಲಿಸ್ ಪತ್ತೆಯಾಗದೆ ಉಳಿದರೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಇಲ್ಲವೇ ಸೋಂಕಿನೊಂದಿಗೆ ಹುಟ್ಟಬಹುದು. ಸಕಾಲದಲ್ಲಿ ಗೊತ್ತಾದರೆ ಪೆನಿಸಿಲಿನ್ ಚುಚ್ಚುಮದ್ದು ಇದನ್ನು ತಡೆಯಬಲ್ಲದು. ನಗರದಲ್ಲಿ ಆಡದ ಮಾತಿಗೆ ಊರಿನಲ್ಲಿರುವ ಹೆಣ್ಣು ಬೆಲೆ ತೆರುವಂತಾಗಿದೆ.

ಮೈಸೂರಿನಿಂದ ನೈರೋಬಿಗೆ

ಅರಿವನ್ನು ಮುಟ್ಟಿಸುವ ಬಗೆಗೆ ಕರ್ನಾಟಕದಲ್ಲೇ ನಿದರ್ಶನವಿದೆ. 1980ರ ದಶಕದಿಂದ ನೈರೋಬಿಯಲ್ಲಿ ಕೆಲಸ ಮಾಡುತ್ತಿದ್ದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಅನುಭವ ಮುಂದೆ ನಮ್ಮ ರಾಜ್ಯಕ್ಕೂ ಬಂತು. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ಲೈಂಗಿಕ ಕಾರ್ಯಕರ್ತೆಯರೇ ತಮ್ಮವರಿಗೆ ತಿಳಿಹೇಳಿದರು, ಕ್ಲಿನಿಕ್‌ಗೆ ಜತೆಗೂಡಿ ನಡೆದರು. 2004 ಮತ್ತು 2006ರ ಸಮೀಕ್ಷೆಗಳ ನಡುವೆ ಅವರಲ್ಲಿ ಸಿಫಿಲಿಸ್ ಪ್ರಮಾಣ ಶೇ 25ರಿಂದ 12ಕ್ಕೆ ಇಳಿಯಿತು. ಎಚ್‌ಐವಿ ಪ್ರಮಾಣದಲ್ಲಿ ಅಂತಹ ಇಳಿಕೆ ಕಾಣಲಿಲ್ಲ. ಗುಣವಾಗುವ ಸೋಂಕುಗಳೇ ಬೇಗ ಮಣಿದವು.

ಈ ಮಹಿಳೆಯರು ಕಟ್ಟಿದ ಆಶೋದಯ ಸಮಿತಿಯ ತರಬೇತಿ ಅಕಾಡೆಮಿ ಮುಂದೆ ಕೀನ್ಯಾದಲ್ಲಿ ಆಫ್ರಿಕಾದ ಲೈಂಗಿಕ ಕಾರ್ಯಕರ್ತೆಯರ ಅಕಾಡೆಮಿಗೆ ಮಾದರಿಯಾಯಿತು. ಏಡ್ಸ್‌ನಿಂದ ಅತಿ ಹೆಚ್ಚು ನೊಂದ ಆಫ್ರಿಕಾದಲ್ಲೂ ರೋಗದ ಹೆಸರು ಕೇಳಿದವರು ಬಹುತೇಕ ಎಲ್ಲರೂ, ಸರಿಯಾಗಿ ಅರಿತ ಯುವಜನರು ಹಲವು ದೇಶಗಳಲ್ಲಿ ಅರ್ಧಕ್ಕಿಂತ ಕಡಿಮೆ. ಭಿತ್ತಿಪತ್ರಗಳಿಂದ ಹೆಸರಷ್ಟೇ ತಲುಪುತ್ತದೆ, ತಿಳಿವಳಿಕೆ ತಲುಪಲು ತಮ್ಮವರೇ ಒಬ್ಬರು ಬೇಕು ಎಂಬ ಪಾಠ ಎರಡೂ ಕಡೆಗೆ ಒಂದೇ.

ಆಗಬೇಕಾದದ್ದೇನು?

2007ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ಶಾಲೆಗಳಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ತಡೆಹಿಡಿದವು. ಆಗ ಶಾಲೆಯಲ್ಲಿದ್ದ ಮಕ್ಕಳೇ ಇಂದು ಮೂವತ್ತರ ಆಸುಪಾಸಿನ ದುಡಿಯುವ ವರ್ಗ. ಅವರಿಗೆ ಅಂದು ಹೇಳದಿದ್ದುದನ್ನು ಇಂದು ದುಡಿಯುವ ಜಾಗದಲ್ಲಿ ಹೇಳಬೇಕಿದೆ.

ಪರೀಕ್ಷೆಗೆ ಹಿಂಜರಿಯಲು ಕೆಲಸ ಕಳೆದುಕೊಳ್ಳುವ ಭಯವೂ ಕಾರಣ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಉದ್ಯೋಗಕ್ಕಾಗಿ ಎಚ್‌ಐವಿ ಪರೀಕ್ಷೆಯನ್ನು ಕಡ್ಡಾಯಪಡಿಸುವಂತಿಲ್ಲ. 100ಕ್ಕಿಂತ ಕಡಿಮೆಯಿಲ್ಲದ ಸಿಬ್ಬಂದಿ ಇರುವ ಸಂಸ್ಥೆಗಳು ದೂರು ಅಧಿಕಾರಿಯನ್ನು ನೇಮಿಸಬೇಕು. ಈ ವಿಷಯ ಐಟಿ ನೌಕರನಿಗೂ ಅದೇ ಕಟ್ಟಡದ ಕಾವಲುಗಾರನಿಗೂ ತಿಳಿದಿರಬೇಕು.

ಸಂಜೆ ಹಾಗೂ ಭಾನುವಾರದ ಕ್ಲಿನಿಕ್, ಕಾರ್ಮಿಕರ ಭಾಷೆಗಳಲ್ಲೇ ಮಾತನಾಡುವ ಅವರೊಳಗಿನ ಕಾರ್ಯಕರ್ತರು, ಸಂಗಾತಿ ತನ್ನ ಊರಿನಲ್ಲೇ ಚಿಕಿತ್ಸೆ ಪಡೆಯಲು ನೆರವಾಗುವ ಚೀಟಿ, ಇವು ಭಾರಿ ವೆಚ್ಚದ ಕೆಲಸಗಳಲ್ಲ. ರಾಷ್ಟ್ರೀಯ ಉಚಿತ ಸಹಾಯವಾಣಿ 1097 ಈಗಾಗಲೇ ಇದೆ. ಮೈಸೂರಿನಿಂದ ನೈರೋಬಿಯವರೆಗೆ ಹೋದ ಪಾಠ ವರ್ತೂರಿನ ಶೆಡ್‌ಗಳಿಗೂ ಬರುವಂತೆ ಆರೋಗ್ಯ ಇಲಾಖೆ, ಕಾರ್ಮಿಕ ಇಲಾಖೆ ಮತ್ತು ಗುತ್ತಿಗೆದಾರರು ಒಟ್ಟಾಗಿ ಮುಂದಾಗಬೇಕಿದೆ.