ಗೆದ್ದವರು ಯಾರು? ಗಳಿಸಿದವರು ಯಾರು?

ಕಾರ್ನ್‌ವಾಲಿಸ್ ಎಂಬ ಹೆಸರು ನಮ್ಮ ನಾಡಿಗೆ ಹೊಸದಲ್ಲ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟೀಪುವಿನ ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ವಿಧಿಸಿ, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ ಗವರ್ನರ್ ಜನರಲ್ ಈತನೇ. ಆದರೆ ಅದಕ್ಕೆ ಹತ್ತು ವರ್ಷಗಳ ಹಿಂದೆ, 1781ರ ಅಕ್ಟೋಬರ್ 19ರಂದು, ಇದೇ ದೊರೆ ಅಮೆರಿಕದ ಯಾರ್ಕ್‌ಟೌನಿನಲ್ಲಿ ಏಳು ಸಾವಿರಕ್ಕೂ ಮಿಕ್ಕ ಸೈನ್ಯದೊಡನೆ ಶರಣಾಗಿದ್ದ. ಮೈಗೆ ಹುಷಾರಿಲ್ಲವೆಂದು ಹೇಳಿ, ಕತ್ತಿ ಒಪ್ಪಿಸಲು ಕೈಕೆಳಗಿನವನನ್ನು ಕಳಿಸಿದನಂತೆ!

ಇಲ್ಲಿ ಗೆದ್ದವನು ಅಲ್ಲಿ ಸೋತುದೇಕೆ? ಇಲ್ಲಿ ನಿಜಾಮನೂ ಮರಾಠರೂ ಅವನ ಪಕ್ಕಕ್ಕಿದ್ದರು. ಅಲ್ಲಿ ಫ್ರೆಂಚರ ನೌಕಾಪಡೆ ಸಮುದ್ರದ ದಾರಿ ಕಟ್ಟಿತ್ತು. ಇದು ನಿಜ. ಆದರೆ ಇಷ್ಟೇ ಎಂದರೆ ನಾವು ಒಪ್ಪುವುದಿಲ್ಲ. ಇಂಗ್ಲಿಷರು 1776ರಲ್ಲಿ ನ್ಯೂಯಾರ್ಕ್, 1777ರಲ್ಲಿ ಫಿಲಡೆಲ್ಫಿಯ, 1780ರಲ್ಲಿ ಚಾರ್ಲ್ಸ್‌ಟನ್, ಹೀಗೆ ದೊಡ್ಡ ದೊಡ್ಡ ಪಟ್ಟಣಗಳನ್ನೆಲ್ಲ ಹಿಡಿದರು. ಪಟ್ಟಣ ಸಿಕ್ಕಿತು, ನಾಡು ಸಿಕ್ಕಲಿಲ್ಲ. 1777ರಲ್ಲಿ ಕೆನಡಾದಿಂದ ಇಳಿದು ಬಂದ ಬರ್ಗಾಯ್ನನ ದಂಡು ಕಾಡಿನಲ್ಲಿ ಸಿಕ್ಕಿಬಿದ್ದಾಗ ಸುತ್ತಲ ರೈತರು ಬಂದೂಕು ಹೆಗಲಿಗೇರಿಸಿ ಬಂದರು. ಸರಟೋಗದಲ್ಲಿ ಆತ ಕೈಯೆತ್ತಿದ. ಯುದ್ಧಕ್ಕೆ ಮುಂಚೆಯೇ ಅಂಗಡಿಕಾರರು ಇಂಗ್ಲಿಷ್ ಸರಕನ್ನು ತರಿಸುವುದಿಲ್ಲವೆಂದು ಕಟ್ಟು ಮಾಡಿಕೊಂಡಿದ್ದರು, ಹೆಂಗಸರು ಮನೆಯಲ್ಲೇ ನೂಲು ತೆಗೆದಿದ್ದರು. ಖಾದಿಯ ಕಾಲವನ್ನು ಕಂಡ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷರು ಇಷ್ಟಕ್ಕೇ ಸುಮ್ಮನಾಗಲಿಲ್ಲ. 1812ರಲ್ಲಿ ಮತ್ತೆ ಯುದ್ಧ ಹತ್ತಿತು, ಈ ಸಲ ಸಾರಿದವರು ಅಮೆರಿಕದವರೇ. 1814ರ ಆಗಸ್ಟಿನಲ್ಲಿ ಇಂಗ್ಲಿಷರು ವಾಷಿಂಗ್ಟನ್ನಿಗೆ ನುಗ್ಗಿ ಅಧ್ಯಕ್ಷರ ಮನೆಯನ್ನೇ ಸುಟ್ಟರು. ಮರುತಿಂಗಳು ಬಾಲ್ಟಿಮೋರಿನಲ್ಲಿ ಏಟು ತಿಂದು ಹಿಂದಿರುಗಿದರು. ಕೊನೆಗೆ ಒಪ್ಪಂದದಲ್ಲಿ ಗಡಿ ಎಲ್ಲಿತ್ತೋ ಅಲ್ಲೇ ಉಳಿಯಿತು. ಸತ್ತವರು ಸತ್ತರು. ನೆಲ ಕಳೆದುಕೊಂಡವರು ಆ ನೆಲದ ಮೂಲ ನಿವಾಸಿಗಳು.

ಇನ್ನು ಗೆದ್ದ ಸಿಪಾಯಿಯ ಗತಿ ನೋಡೋಣ. ಸಂಬಳವಿಲ್ಲ, ಬಟ್ಟೆಯಿಲ್ಲ. 1781ರ ಜನವರಿಯಲ್ಲಿ ಪೆನ್ಸಿಲ್ವೇನಿಯದ ಪಡೆಗಳು ಬಾಕಿ ಕೇಳಿ ದಂಗೆಯೆದ್ದವು. ಮುಷ್ಕರ ಎಂದರೂ ಸಲ್ಲುತ್ತದೆ. ಅದನ್ನು ಕಂಡು ಎದ್ದ ನ್ಯೂಜೆರ್ಸಿಯವರಲ್ಲಿ ಇಬ್ಬರನ್ನು ಗುಂಡಿಟ್ಟು ಕೊಂದದ್ದು ಸ್ವಾತಂತ್ರ್ಯದ ಸೇನೆಯೇ. ಯುದ್ಧ ಮುಗಿದ ಮೇಲೆ ಸಿಪಾಯಿಗಳ ಕೈಗೆ ಬಂದದ್ದು ಸಾಲಪತ್ರ. ಹಸಿದವನು ಕಾಗದ ಇಟ್ಟುಕೊಂಡು ಏನು ಮಾಡಿಯಾನು? ರೂಪಾಯಿಗೆ ಮೂರಾಣೆ ನಾಲ್ಕಾಣೆಯ ಲೆಕ್ಕದಲ್ಲಿ ಸಾಹುಕಾರರಿಗೆ ಮಾರಿದ. ಮೆಸಾಚುಸೆಟ್ಸಿನಲ್ಲಿ ಸಾಲ, ತೆರಿಗೆ, ಜಪ್ತಿ ತಾಳಲಾರದೆ 1786ರಲ್ಲಿ ರೈತರು ಕೋರ್ಟುಗಳ ಬಾಗಿಲಿಗೆ ಅಡ್ಡ ನಿಂತರು. ಅವರ ಮುಂದಾಳುಗಳಲ್ಲಿ ಒಬ್ಬ, ಇಂಗ್ಲಿಷರ ವಿರುದ್ಧ ಕಾದಾಡಿದ್ದ ಕ್ಯಾಪ್ಟನ್ ಡೇನಿಯಲ್ ಶೇಸ್. ಅವರನ್ನು ಅಡಗಿಸಿದ ಪಡೆಗೆ ಹಣ ಕೊಟ್ಟವರು ಬಾಸ್ಟನ್ನಿನ ವರ್ತಕ ಶ್ರೀಮಂತರು.

1790ರಲ್ಲಿ ಖಜಾನೆ ಮಂತ್ರಿ ಹ್ಯಾಮಿಲ್ಟನ್, ಆ ಪತ್ರಗಳಲ್ಲಿ ಬರೆದಷ್ಟು ಮೊತ್ತವನ್ನೂ ಸರ್ಕಾರ ಒಪ್ಪಿಕೊಳ್ಳಬೇಕೆಂದ, ಯಾರ ಕೈಯಲ್ಲಿವೆಯೋ ಅವರಿಗೆ. ಮೊದಲು ಪಡೆದ ಸಿಪಾಯಿಗೂ ಒಂದು ಪಾಲು ಸಲ್ಲಲಿ ಎಂದು ಮ್ಯಾಡಿಸನ್ ವಾದಿಸಿದ. ಸಭೆಯಲ್ಲಿ ಮತಕ್ಕೆ ಹಾಕಿದಾಗ ಅವನ ಪರ 13, ವಿರುದ್ಧ 36. ಸದಸ್ಯರಲ್ಲಿ ಹಲವರ ಪೆಟ್ಟಿಗೆಯಲ್ಲಿ ಆ ಪತ್ರಗಳಿದ್ದವು.